ಎಡೆ ಇಟ್ಟು ಬಾಗಿಲು ಹಾಕಿದ ಮೇಲೆ

ತಿರುವನಂತಪುರದಲ್ಲಿ ಡಿಸೆಂಬರ್ ಬಂದರೆ ನಮ್ಮ ಆಫೀಸಿನ ಅರ್ಧ ಜನಕ್ಕೆ ಜ್ವರ. ಎಲ್ಲರಿಗೂ ಒಂದೇ ವಾರ. ಕೇರಳದ ಅಂತರರಾಷ್ಟ್ರೀಯ ಚಲನಚಿತ್ರೋತ್ಸವ ನಡೆಯುವ ವಾರ ಅದು. ಮ್ಯಾನೇಜರಿಗೂ ವಿಷಯ ಗೊತ್ತು. ಕತ್ತಿಗೆ ಪಾಸ್ ನೇತುಹಾಕಿಕೊಂಡು ಅವರೂ ಟ್ಯಾಗೋರ್ ಥಿಯೇಟರ್ ಮುಂದಿನ ಕ್ಯೂನಲ್ಲೇ ಸಿಗುತ್ತಾರೆ.

ನಾನು ಕೊಡಗಿನ ಸೋಮವಾರಪೇಟೆ ಕಡೆಯವನು. ಇಲ್ಲಿಗೆ ಬಂದು ಒಂಬತ್ತು ವರ್ಷ ಆಯ್ತು. ಮೊದಲ ಸಲ ಆ ಕ್ಯೂ ನೋಡಿದಾಗ ಯಾರೋ ದೊಡ್ಡ ನಟ ಬಂದಿರಬೇಕು ಅಂದುಕೊಂಡಿದ್ದೆ. ಅಲ್ಲ, ಅವರೆಲ್ಲ ಹೆಸರೂ ಕೇಳಿರದ ದೇಶದ ಸಿನಿಮಾಕ್ಕೆ ನಿಂತಿದ್ದರು. 2022ರಲ್ಲಿ ಹಂಗೇರಿಯ ನಿರ್ದೇಶಕ ಬೇಲಾ ತಾರ್ ಅವರಿಗೆ ಇಲ್ಲಿ ಜೀವಮಾನ ಸಾಧನೆಯ ಪ್ರಶಸ್ತಿ ಕೊಟ್ಟರು. ಏಳು ಗಂಟೆಗೂ ಮೀರಿದ ಸಿನಿಮಾ ಮಾಡಿದ ಮನುಷ್ಯ. ನಮ್ಮೂರಲ್ಲಿ ಏಳು ಗಂಟೆ ಕೂತು ನೋಡುವುದು ಅಂದರೆ ಯಕ್ಷಗಾನ ಮಾತ್ರ. ಅದೂ ಮಧ್ಯೆ ಎದ್ದು ಕಡಲೆಕಾಯಿ ತಗೊಂಡು ಬರಬಹುದು.

ಅವರ 2011ರ 'ದಿ ಟ್ಯೂರಿನ್ ಹಾರ್ಸ್' ನೋಡಿದಾಗ ನನಗೆ ನೆನಪಾದದ್ದು ಮಾತ್ರ ನಮ್ಮನೆ. ಅದರಲ್ಲಿ ಕಥೆ ಅಂತ ಜಾಸ್ತಿ ಇಲ್ಲ. ಒಬ್ಬ ಅಪ್ಪ, ಒಬ್ಬಳು ಮಗಳು, ಮೇವು ಬಿಟ್ಟ ಕುದುರೆ. ಹೊರಗೆ ದಿನಗಟ್ಟಲೆ ಬಿಡದ ಗಾಳಿ. ಎರಡೂವರೆ ಗಂಟೆಯ ಸಿನಿಮಾದಲ್ಲಿ ಇರುವುದು ಸುಮಾರು 30 ಶಾಟ್. ದಿನಾ ತಲಾ ಒಂದು ಬೇಯಿಸಿದ ಆಲೂಗಡ್ಡೆ. ಅಪ್ಪನಿಗೆ ಒಂದು ಕೈ ಸ್ವಾಧೀನ ಇಲ್ಲ. ಇನ್ನೊಂದು ಕೈಯಲ್ಲೇ ಬಿಸಿ ಸಿಪ್ಪೆ ಸುಲಿಯುತ್ತಾನೆ, ಬೆರಳು ಸುಡುತ್ತೆ, ಊದಿಕೊಂಡು ಬಾಯಿಗೆ ಹಾಕಿಕೊಳ್ಳುತ್ತಾನೆ. ಗಾಳಿಯ ಜಾಗದಲ್ಲಿ ಮಳೆ ಇಡಿ, ಆಲೂಗಡ್ಡೆಯ ಜಾಗದಲ್ಲಿ ಕೆಂಡದಲ್ಲಿ ಸುಟ್ಟ ಹಲಸಿನ ಬೀಜ ಇಡಿ. ನಮ್ಮ ಕಡೆಯ ಜುಲೈ ತಿಂಗಳು ಅಷ್ಟೇ ಅಲ್ವಾ? ಒಲೆಯ ಮೇಲೆ ಒಣಗದ ಬಟ್ಟೆ, ಹೋದ ಕರೆಂಟು, ಇಡೀ ದಿನಕ್ಕೆ ಮನೆಯಲ್ಲಿ ಆಡುವ ಹತ್ತು ಮಾತು. ಪಕ್ಕದಲ್ಲಿ ಕೂತಿದ್ದ ಮಲಯಾಳಿ ಗೆಳೆಯ ಜರ್ಮನ್ ತತ್ವಜ್ಞಾನಿ ನೀತ್ಷೆ, ಸಾವು, ಪ್ರಪಂಚದ ಅಂತ್ಯ ಅಂತೆಲ್ಲ ಹೇಳಿದ. ನಾನು ಹಲಸಿನ ಬೀಜದ ವಿಷಯ ಹೇಳಲಿಲ್ಲ.

ಮಲಯಾಳಿಗಳ ಬಗ್ಗೆ ನನಗೆ ಹೊಟ್ಟೆಕಿಚ್ಚು ಇದೆ, ಸುಳ್ಳು ಯಾಕೆ ಹೇಳಲಿ. 1965ರಲ್ಲೇ ನಿರ್ದೇಶಕ ಅಡೂರ್ ಗೋಪಾಲಕೃಷ್ಣನ್ ಮತ್ತು ಗೆಳೆಯರು ಚಿತ್ರಲೇಖ ಫಿಲ್ಮ್ ಸೊಸೈಟಿ ಕಟ್ಟಿದರು. ಮಲಯಾಳದ ನಿರ್ದೇಶಕ ಜಾನ್ ಅಬ್ರಹಾಂ ಊರೂರು ತಿರುಗಿ ಜನರಿಂದ ದುಡ್ಡು ಎತ್ತಿ 1986ರಲ್ಲಿ ಸಿನಿಮಾ ತೆಗೆದರು. ಹಾಗಂತ ಇಲ್ಲಿನದೆಲ್ಲ ಸರಿ ಅಂತಲೂ ಅಲ್ಲ. ಉತ್ಸವದಲ್ಲಿ ಒಬ್ಬರನ್ನೊಬ್ಬರು ಕೇಳುವ ಮೊದಲ ಪ್ರಶ್ನೆ 'ಇವತ್ತು ಎಷ್ಟಾಯ್ತು?' ಅಂತ. ದಿನಕ್ಕೆ ಐದು ನೋಡಿದವನು ಹೀರೋ. ನಿಧಾನವಾಗಿ ಸವಿಯಲಿ ಅಂತ ಮಾಡಿದ ಸಿನಿಮಾವನ್ನು ಓಡೋಡಿ ನೋಡುವುದು ನನಗೆ ಇವತ್ತಿಗೂ ಅರ್ಥ ಆಗಿಲ್ಲ. ಆಮೇಲೆ ಭಕ್ತಿ. ಕೊರಿಯಾದ ನಿರ್ದೇಶಕ ಕಿಮ್ ಕಿ ಡುಕ್ 2013ರಲ್ಲಿ ಇಲ್ಲಿಗೆ ಬಂದಾಗ ಜನ ಮುತ್ತಿಕೊಂಡಿದ್ದರಂತೆ. 2018ರಲ್ಲಿ ಅವರ ಜೊತೆ ಕೆಲಸ ಮಾಡಿದ ನಟಿಯರು ಗಂಭೀರ ಆರೋಪ ಮಾಡಿದರು, ಅವರು ಅಲ್ಲಗಳೆದರು. ಇಲ್ಲಿ ಆ ಮಾತು ಎತ್ತಿದರೆ ಕೆಲವರ ಮುಖ ಇಂದಿಗೂ ಸಪ್ಪಗಾಗುತ್ತೆ. ನಾವು ಅಣ್ಣಾವ್ರ ಅಭಿಮಾನಿಗಳನ್ನು ಕಂಡವರು, ನಮಗೆ ಇದು ಹೊಸದಲ್ಲ.

ಊರಿಗೆ ಹೋದಾಗ ಇದನ್ನೆಲ್ಲ ಹೇಳಿದರೆ ಗೆಳೆಯರದು ಒಂದೇ ಮಾತು: 'ನಮ್ಮ ಜನಕ್ಕೆ ಅದೆಲ್ಲ ಹಿಡಿಸಲ್ಲ ಮಾರಾಯ.' ಹೆಗ್ಗೋಡಿನಲ್ಲಿ ಕೆ.ವಿ. ಸುಬ್ಬಣ್ಣನವರು ನೀನಾಸಂ ಚಿತ್ರಸಮಾಜದಿಂದ ರೈತರಿಗೆ ಜಪಾನಿನ ಕುರೊಸಾವನ ಸಿನಿಮಾ ತೋರಿಸಿದ್ದು ನೆನಪಿಸಿದರೆ, 'ಅದು ಆಗಿನ ಕಾಲ' ಅನ್ನುತ್ತಾರೆ. ವಾದ ಮಾಡಿ ಸಾಕಾಗಿ ಕಳೆದ ಆಗಸ್ಟಿನಲ್ಲಿ ಸುಮ್ನೆ ಮನೆಯಲ್ಲೇ ತೋರಿಸಿಬಿಟ್ಟೆ.

ಆಗಸ್ಟ್ 3, ಆಟಿ ಹದಿನೆಂಟು, ನಮ್ಮ ಕಡೆ ಮದ್ದುಸೊಪ್ಪಿನ ಪಾಯಸ ತಿನ್ನುವ ದಿನ. ಮನೆತುಂಬ ಮದ್ದುಸೊಪ್ಪಿನ ಘಮ. ನೇರಳೆ ಬಣ್ಣದ ಪಾಯಸ ತಿಂದು ಎಲ್ಲರ ನಾಲಿಗೆಯೂ ಬಣ್ಣ ಆಗಿತ್ತು. (ಹೊರಗಿನವರು ಇದನ್ನು ತಿಂದರೆ ಮಾರನೇ ಬೆಳಿಗ್ಗೆ ಮೂತ್ರದ ಬಣ್ಣ ನೋಡಿ ಡಾಕ್ಟರಿಗೆ ಫೋನ್ ಮಾಡುತ್ತಾರೆ. ಮೊದಲೇ ಹೇಳಿಬಿಡಿ.) ಕಾಫಿ ಮೂಟೆ ಇಡುವ ಹಜಾರದ ಗೋಡೆಗೆ ಬಿಳಿ ಪಂಚೆ ಕಟ್ಟಿ, ಸಣ್ಣ ಪ್ರೊಜೆಕ್ಟರ್ ಇಟ್ಟೆ. ಸಿನಿಮಾ ಥಾಯ್ಲೆಂಡಿನ ಅಪಿಚಾತ್‌ಪಾಂಗ್ ವೀರಸೇತಕುಲ್ ಅವರ 'ಅಂಕಲ್ ಬೂನ್ಮೀ'. 2010ರಲ್ಲಿ ಕಾನ್ ಉತ್ಸವದ ದೊಡ್ಡ ಪ್ರಶಸ್ತಿ ಗೆದ್ದದ್ದು. ಅಮ್ಮ, ದೊಡ್ಡಪ್ಪ, ತಮ್ಮ, ಅವನ ಹೆಂಡತಿ, ಒಂಬತ್ತನೇ ಕ್ಲಾಸಿನ ಮಗಳು. ಇಂಗ್ಲಿಷ್ ಸಬ್‌ಟೈಟಲನ್ನು ಕನ್ನಡಕ್ಕೆ ಮಾಡಿ ಗಟ್ಟಿಯಾಗಿ ಹೇಳುವ ಕೆಲಸ ಆ ಹುಡುಗಿಯದು.

ಶುರುವಿನಲ್ಲಿ ಒಂದು ಎಮ್ಮೆ ಹಗ್ಗ ಬಿಡಿಸಿಕೊಂಡು ಕಾಡಿಗೆ ಹೋಗುತ್ತೆ. 'ಸರಿಯಾಗಿ ಕಟ್ಟಿಲ್ಲ' ಅಂದರು ಅಮ್ಮ. ಬೂನ್ಮೀಗೆ ಕಿಡ್ನಿ ಕಾಯಿಲೆ, ತೋಟದ ಮನೆಯಲ್ಲೇ ಡಯಾಲಿಸಿಸ್. ನೋಡಿಕೊಳ್ಳುವವನು ಲಾವೋಸಿನಿಂದ ಬಂದ ಕೆಲಸದವನು. 'ನಮ್ಮ ಲೈನ್‌ಮನೆಯ ಅಸ್ಸಾಮಿನವರ ಥರ' ಅಂದ ತಮ್ಮ. ಮುಂದೆ ಬೂನ್ಮೀ, ತೋಟದಲ್ಲಿ ಅಷ್ಟೊಂದು ಹುಳ ಕೊಂದ ಕರ್ಮಕ್ಕೇ ಈ ಕಾಯಿಲೆ ಅಂತಾನೆ. ಕಾಫಿ ಗಿಡದ ಕಾಂಡಕೊರಕ ಹುಳಕ್ಕೆ ಔಷಧಿ ಹೊಡೆದು ಬಂದಿದ್ದ ತಮ್ಮ ಅದಕ್ಕೆ ಏನೂ ಹೇಳಲಿಲ್ಲ.

ಆಮೇಲೆ ಆ ರಾತ್ರಿ ಊಟದ ದೃಶ್ಯ. ಜೀರುಂಡೆ ಸದ್ದು. ಮೇಜಿನ ಪಕ್ಕದ ಖಾಲಿ ಕುರ್ಚಿಯಲ್ಲಿ ನಿಧಾನಕ್ಕೆ ಒಬ್ಬ ಹೆಂಗಸು ಮೂಡುತ್ತಾಳೆ. ಎಷ್ಟೋ ವರ್ಷದ ಹಿಂದೆ ತೀರಿಕೊಂಡ ಬೂನ್ಮೀಯ ಹೆಂಡತಿ. ಕಿರುಚಾಟ ಇಲ್ಲ, ಢಣ್ ಅನ್ನುವ ಮ್ಯೂಸಿಕ್ ಇಲ್ಲ. ಒಂದು ಗಳಿಗೆ ಬೆಚ್ಚಿ, ಮಾತಾಡಿಸುತ್ತಾರೆ, ಫೋಟೋ ಆಲ್ಬಂ ತೋರಿಸುತ್ತಾರೆ. ತಿರುವನಂತಪುರದಲ್ಲಿ ಈ ದೃಶ್ಯಕ್ಕೆ ನಾನು 'ಮಾಂತ್ರಿಕ ವಾಸ್ತವ' ಅನ್ನುವ ವಿವರಣೆ ಕೇಳಿದ್ದೆ. ನಮ್ಮ ಹಜಾರದಲ್ಲಿ ದೊಡ್ಡಪ್ಪ ಕಾಲು ಮಡಚಿಕೊಂಡು ಹೇಳಿದರು:

'ಪಕ್ಷದ ದಿನ ನಾವು ಎಡೆ ಇಟ್ಟು, ಬಾಗಿಲು ಹಾಕಿ, ಹೊರಗೆ ನಿಂತ್ಕೊಳ್ತೀವಲ್ಲ. ಒಳಗೆ ಏನಾಗುತ್ತೆ ಅಂತ ಯಾರೂ ನೋಡಿಲ್ಲ. ಇವನು ಒಳಗೇ ಕೂತು ನೋಡಿದ್ದಾನೆ.'

ಈ ಸಿನಿಮಾ ಬಗ್ಗೆ ಇದಕ್ಕಿಂತ ಒಳ್ಳೆಯ ಮಾತು ನಾನು ಕೇಳಿಲ್ಲ. ರಾಜಕುಮಾರಿ ಮತ್ತು ಮೀನಿನ ಕಥೆ ಬರುವ ಹೊತ್ತಿಗೆ ದೊಡ್ಡಪ್ಪ ಗೊರಕೆ ಹೊಡೆಯುತ್ತಿದ್ದರು ಅನ್ನುವುದೂ ನಿಜ. ಅಪಿಚಾತ್‌ಪಾಂಗ್ ಬೇಜಾರು ಮಾಡಿಕೊಳ್ಳುವವರಲ್ಲ. 2018ರಲ್ಲಿ ರಾಟರ್‌ಡ್ಯಾಮಿನಲ್ಲಿ ಅವರು ತೆರೆಯ ಮುಂದೆ ಹಾಸಿಗೆ ಹಾಕಿಸಿ, ಜನ ರಾತ್ರಿಯಿಡೀ ಮಲಗುವ ಏರ್ಪಾಟನ್ನೇ ಮಾಡಿದ್ದರು.

ಬೂನ್ಮೀ ಗುಹೆ ಒಳಗೆ ಹೋಗುವಾಗ ಕರೆಂಟ್ ಹೋಯ್ತು. ಇನ್ವರ್ಟರ್ ಎರಡು ಬಲ್ಬಿಗೆ ಮಾತ್ರ. ಅಷ್ಟರಲ್ಲಿ ಹುಡುಗಿಯ ಗಂಟಲೂ ಕಟ್ಟಿತ್ತು.

ಆ ಗಂಟಲು ನೋಡಿಯೇ ನನಗೆ ಹೊಳೆದದ್ದು. ನಮ್ಮವರಿಗೆ ರುಚಿ ಇಲ್ಲ ಅನ್ನುವುದು ಸುಳ್ಳು. ಅಮ್ಮ ದಿನಾ ಪೇಪರಿನ ಮೂಲೆಮೂಲೆ ಓದುವವರು. ಅವರಿಗೆ ಬೇಕಿದ್ದದ್ದು ಪಂಚೆಯ ಕೆಳಗೆ ಎರಡು ಸಾಲು ಕನ್ನಡ. ಮಲಯಾಳಿಗಳು ಇದನ್ನು ಯಾವತ್ತೋ ಮಾಡಿದ್ದಾರೆ. ಎಂಸೋನ್ ಅಂತ ಒಂದು ಗುಂಪು 2012ರಿಂದ ಒಂದು ಪೈಸೆ ಇಲ್ಲದೆ ಸಬ್‌ಟೈಟಲ್ ಬರೆಯುತ್ತಿದೆ. ಇರಾನ್, ಕೊರಿಯಾ, ಟರ್ಕಿ ಅಂತ ಸಾವಿರಾರು ಸಿನಿಮಾ ಮಲಯಾಳದಲ್ಲಿ ಓದಲು ಸಿಗುತ್ತವೆ. ಮಾಕುಟ್ಟದ ಘಾಟಿ ಇಳಿದು ಕೇರಳದ ಇರಿಟ್ಟಿ ಸೇರಿದರೆ ಅಲ್ಲಿನ ಅಜ್ಜಿಗೆ ಇರಾನಿನ ನಿರ್ದೇಶಕ ಕಿಯಾರೊಸ್ತಮಿ ಅವಳ ಭಾಷೆಯಲ್ಲೇ ಇದ್ದಾನೆ. ಘಾಟಿಯ ಈಚೆಗೆ ನಮ್ಮಮ್ಮನಿಗೆ ಮೊಮ್ಮಗಳ ಗಂಟಲೇ ಗತಿ.

ಈಗ ನಾನೇ ಬರೆಯಲು ಕೂತಿದ್ದೇನೆ, ದಿನಕ್ಕೆ ಇಪ್ಪತ್ತು ಸಾಲು. ಊಟದ ದೃಶ್ಯದಲ್ಲೇ ಸಿಕ್ಕಿಹಾಕಿಕೊಂಡೆ. ಸತ್ತುಹೋದ ಹೆಂಡತಿ ಗಂಡನನ್ನು ಏನಂತ ಕರೆಯಬೇಕು? 'ನೀನು' ಅಂದರೆ ತೋಟದ ಮನೆಯ ಹೆಂಗಸು ಅನ್ನಿಸಲ್ಲ. ಅಮ್ಮನಿಗೆ ಫೋನ್ ಮಾಡಿದೆ. 'ಸತ್ತರೇನು, ಏನೂಂದ್ರೆ ಅಂತಾನೇ ಕರೀತಾಳೆ' ಅಂದರು. ಹಾಗೇ ಬರೆದೆ.

ದೊಡ್ಡಪ್ಪ ಫೋನ್ ಕಿತ್ತುಕೊಂಡು, 'ಆ ಮುದುಕ ಗುಹೆಯಿಂದ ಹೊರಗೆ ಬಂದನಾ?' ಅಂದರು.

'ಪಕ್ಷಕ್ಕೆ ಬರ್ತೀನಲ್ಲ ದೊಡ್ಡಪ್ಪ, ಅವತ್ತೇ ಹಾಕ್ತೀನಿ.'

'ಎಡೆ ಇಡೋ ದಿನ ಬೇಡ ಕಣೋ. ಅವತ್ತು ಅವರೂ ಬಂದಿರ್ತಾರೆ, ಹಜಾರದಲ್ಲಿ ಜಾಗ ಸಾಲಲ್ಲ.'