"ಇಥಿಯೋಪಿಯಾದಾಗ ಉಣ್ಣಾಕ ಸಿಗತಿತ್ತೇನ್ರಿ ಸರ?"

ನಾನು ಇಥಿಯೋಪಿಯಾದ ಬಾಹಿರ್ ದಾರ್ ಊರಿನ ಕಾಲೇಜಿನಲ್ಲಿ ಗಣಿತ ಕಲಿಸಿ ಸಿಂಧನೂರಿಗೆ ಮರಳಿ ವರ್ಷಗಳೇ ಆದವು. ಈಗಲೂ ಮದುವೆ ಮನೆ, ಜಾತ್ರೆ, ಬಸ್‌ಸ್ಟ್ಯಾಂಡ್, ಎಲ್ಲಿ ಯಾರು ಸಿಕ್ಕರೂ ಕೇಳೋದು ಇದೊಂದೇ ಪ್ರಶ್ನೆ. ಕೇಳುವವರ ಮನಸ್ಸಿನಲ್ಲಿ ಕೆಟ್ಟದ್ದೇನಿಲ್ಲ. ಅಲ್ಲಿಯ 1984ರ ಬರಗಾಲದಲ್ಲಿ ಟಿವಿ, ಪೇಪರಿನಲ್ಲಿ ಬಂದ ಚಿತ್ರಗಳು ಇನ್ನೂ ಕಣ್ಣಿಗೆ ಅಂಟಿಕೊಂಡಿವೆ, ಅಷ್ಟೆ. ಆದರೆ ಈ ಮಾತು ರಾಯಚೂರು ಜಿಲ್ಲೆಯವರ ಬಾಯಿಂದ ಬಂದಾಗ ನನಗೆ ನಿಜವಾಗಿ ನೋವಾಗುತ್ತದೆ. ಬೆಂಗಳೂರಿಗೆ ಹೋಗಿ ನಮ್ಮ ಊರಿನ ಹೆಸರು ಹೇಳಿ ನೋಡಿ. "ಅಯ್ಯೋ, ಆ ಬಿಸಿಲಲ್ಲಿ ಹೇಗಿರ್ತೀರಪ್ಪ, ಕುಡಿಯೋಕೆ ನೀರಾದ್ರೂ ಸಿಗುತ್ತಾ?" ಅಂತಾರೆ. ಆ ಕಡೆಯ ನೌಕರರಿಗೆ ನಮ್ಮ ಜಿಲ್ಲೆಗೆ ವರ್ಗವಾದರೆ ಶಿಕ್ಷೆ ಆಯ್ತು ಅಂತಲೇ ಮಾತಾಡ್ತಾರೆ. 2002ರಲ್ಲಿ ನಂಜುಂಡಪ್ಪ ಸಮಿತಿ ನಮ್ಮ ತಾಲ್ಲೂಕುಗಳನ್ನು ಹಿಂದುಳಿದವು ಎಂದು ಪಟ್ಟಿ ಮಾಡಿದ್ದು ಅನುದಾನ ಬರಲಿ ಅಂತ. ಜನ ಅದನ್ನೇ ನಮ್ಮ ಹಣೆಗೆ ಹಚ್ಚಿಬಿಟ್ಟರು. ಆ ಉರಿ ಗೊತ್ತಿರುವ ನಾವೇ ಇನ್ನೊಂದು ನಾಡಿನ ಬಗ್ಗೆ ಹೀಗೆ ಕೇಳಬಾರದು.

ಅದಕ್ಕೇ ಇವತ್ತು ಕೂತು ಬರೀತಿದ್ದೀನಿ. ಪಾಠ ಹೇಳಲು ಹೋದವನಿಗೆ ದಿನದಿನದ ಬದುಕಿನಲ್ಲಿ ಎದುರಾದ ಸಣ್ಣಸಣ್ಣ ಬೆರಗುಗಳು ಇವು.

ಮೊದಲನೆಯದು ಗಡಿಯಾರ. ಅಲ್ಲಿ ಹಗಲಿನ ತಾಸುಗಳನ್ನು ಹೊತ್ತು ಹುಟ್ಟಿದಾಗಿನಿಂದ ಎಣಿಸುತ್ತಾರೆ. ನಮ್ಮ ಬೆಳಗಿನ 7 ಗಂಟೆ ಅವರಿಗೆ 1 ಗಂಟೆ, ನಮ್ಮ ಮಧ್ಯಾಹ್ನದ 12 ಅವರಿಗೆ 6. ಕ್ಲಾಸು ಎರಡಕ್ಕೆ ಅಂದರೆ ಬೆಳಿಗ್ಗೆ 8ಕ್ಕೆ ಅಲ್ಲಿರಬೇಕು. ಭೂಮಧ್ಯರೇಖೆಗೆ ಹತ್ತಿರದ ನಾಡಾದ್ದರಿಂದ ಸೂರ್ಯ ಹುಟ್ಟುವ ವೇಳೆ ವರ್ಷವಿಡೀ ಹೆಚ್ಚು ಹಿಂದುಮುಂದಾಗುವುದಿಲ್ಲ, ಹಾಗಾಗಿ ಲೆಕ್ಕವೂ ಕೆಡುವುದಿಲ್ಲ. ನನಗಂತೂ ಇದು ಬಹಳ ಹಿಡಿಸಿತು. ನಮ್ಮ ಪಂಚಾಂಗದ ದಿನವೂ ಸೂರ್ಯೋದಯಕ್ಕೇ ಶುರುವಾಗುತ್ತದಲ್ಲ!

ಇನ್ನು ಅವರ ವರ್ಷಕ್ಕೆ 13 ತಿಂಗಳು. 12 ತಿಂಗಳಿಗೆ ತಲಾ 30 ದಿನ, ಕೊನೆಗೆ 'ಪಗುಮೆ' ಅಂತ 5 ಅಥವಾ 6 ದಿನದ ಪುಟ್ಟ ತಿಂಗಳು. ಹೊಸ ವರ್ಷ ಬರೋದು ಸೆಪ್ಟೆಂಬರ್ 11ಕ್ಕೆ, ಕೆಲವು ವರ್ಷ 12ಕ್ಕೆ. ವರ್ಷದ ಸಂಖ್ಯೆ ನಮ್ಮದಕ್ಕಿಂತ ಏಳೆಂಟು ಕಡಿಮೆ. 2016ರ ಜನವರಿಯಲ್ಲಿ ಅಲ್ಲಿಯ ನೋಟಿಸ್ ಬೋರ್ಡಿನ ಮೇಲೆ 2008 ಅಂತಿತ್ತು. ನಮ್ಮಲ್ಲೂ ಎರಡು ಮೂರು ವರ್ಷಕ್ಕೊಮ್ಮೆ ಅಧಿಕ ಮಾಸ ಬಂದು 13 ತಿಂಗಳಾಗುತ್ತದೆ ಅಂತ ಬೋರ್ಡಿನ ಮೇಲೆ ಲೆಕ್ಕ ಮಾಡಿ ತೋರಿಸಿದಾಗ ಹಿರಿಯ ಸಹೋದ್ಯೋಗಿಯೊಬ್ಬರು ಎದ್ದು ಬಂದು ನನ್ನ ಭುಜಕ್ಕೆ ಭುಜ ತಾಗಿಸಿದರು. ಬೇಕಾದವರಿಗೆ ಅವರು ಹಾಗೇ ನಮಸ್ಕಾರ ಹೇಳೋದು.

ಈಗ ಊಟದ ಮಾತಿಗೆ ಬರೋಣ. ಇದನ್ನು ಸ್ವಲ್ಪ ವಿವರವಾಗಿಯೇ ಹೇಳಬೇಕು.

ಟೆಫ್ ಎಂಬ ಸಾಸಿವೆಗಿಂತಲೂ ಸಣ್ಣ ಕಾಳಿನ ಹಿಟ್ಟನ್ನು ಕಲಸಿ, ಕೆಲವು ದಿನ ಹುಳಿಗಿಟ್ಟು, ಅಗಲ ಹಂಚಿನ ಮೇಲೆ 'ಇಂಜೆರಾ' ಹುಯ್ಯುತ್ತಾರೆ. ಅದರ ಮೇಲೆ ಮಸೂರ ಬೇಳೆ, ಸೊಪ್ಪು, ಕಡಲೆ ಹಿಟ್ಟಿನಿಂದ ಮಾಡುವ 'ಶಿರೋ'. ನಾನು ಮಾಂಸ ತಿನ್ನುವವನಲ್ಲ. ಹೋಗುವಾಗ ಅದೇ ಚಿಂತೆಯಿತ್ತು. ಅಲ್ಲಿಯ ಆರ್ಥೊಡಾಕ್ಸ್ ಕ್ರೈಸ್ತರು ಬುಧವಾರ, ಶುಕ್ರವಾರ ಉಪವಾಸ ಹಿಡಿಯುತ್ತಾರೆ. ಈಸ್ಟರ್ ಮುಂಚೆ 55 ದಿನ ಒಂದೇ ಸಮ. ಉಪವಾಸದಲ್ಲಿ ಮಾಂಸ, ಮೊಟ್ಟೆ ಅಷ್ಟೇ ಅಲ್ಲ, ಹಾಲು, ತುಪ್ಪ ಕೂಡ ಮುಟ್ಟೋದಿಲ್ಲ. ಆ ದಿನಗಳಲ್ಲಿ ಊರಿನ ಸಣ್ಣ ಹೋಟೆಲಿನಲ್ಲೂ ನನಗೆ ತಟ್ಟೆ ತುಂಬ ಊಟ. ಒಂದೇ ತಟ್ಟೆಗೆ ನಾಲ್ಕೈದು ಜನ ಕೈ ಹಾಕುತ್ತಾರೆ. ಪ್ರೀತಿ ಬಂದರೆ ತುತ್ತು ಮಾಡಿ ನಿಮ್ಮ ಬಾಯಿಗೇ ಇಡುತ್ತಾರೆ. ಅದಕ್ಕೆ 'ಗುರ್ಶಾ' ಅನ್ನುತ್ತಾರೆ. ಗೆಳೆಯನ ತಾಯಿ ನನ್ನ ಬಾಯಿಗೆ ಇಟ್ಟ ತುತ್ತನ್ನು ಈ ಜನ್ಮದಲ್ಲಿ ಮರೆಯಲಾರೆ.

ಆದರೆ ನನ್ನ ಉಸಿರು ನಿಂತ ಹಾಗಾಗಿದ್ದು ಸಂತೆಯಲ್ಲಿ. ಚೀಲಗಳ ಸಾಲಿನಲ್ಲಿ ಕೆಂಪು ಜೋಳ, ಬಿಳಿ ಜೋಳ, ಪಕ್ಕದಲ್ಲಿ ರಾಗಿ. ಅದರಾಚೆಯ ಚೀಲದಲ್ಲಿ ಕಪ್ಪಗೆ ಹೊಳೆಯುವ ಕಾಳು. ಕೈಗೆ ತಗೊಂಡು ಬಾಯಿಗೆ ಹಾಕಿಕೊಂಡೆ. ಗುರೆಳ್ಳು! ನಮ್ಮ ಅವ್ವ ಹುರಿದು ಕುಟ್ಟಿ ಹಿಂಡಿ ಮಾಡುವ ಅದೇ ಗುರೆಳ್ಳು. ಅಲ್ಲಿ ಅದಕ್ಕೆ 'ನುಗ್' ಅಂತಾರೆ, ಮುಖ್ಯವಾಗಿ ಎಣ್ಣೆಗೆ ಬೆಳೀತಾರೆ. ಅದರ ಸಸ್ಯಶಾಸ್ತ್ರದ ಹೆಸರು ಗೈಜೋಶಿಯಾ ಅಬಿಸಿನಿಕಾ. ಅಬಿಸಿನಿಯಾ ಅಂದರೆ ಇಥಿಯೋಪಿಯಾದ ಹಳೆಯ ಹೆಸರು. ಗುರೆಳ್ಳಿನ ತವರೇ ಅದು. ಜೋಳವನ್ನು ಮನುಷ್ಯ ಮೊದಲು ಬೆಳೆಯಾಗಿ ಪಳಗಿಸಿದ್ದೂ ಸುಡಾನ್, ಇಥಿಯೋಪಿಯಾ ಇರುವ ಈಶಾನ್ಯ ಆಫ್ರಿಕಾದಲ್ಲಿ. ಮೈಸೂರು ಸೀಮೆಯವರ ರಾಗಿ ಕೂಡ ಪೂರ್ವ ಆಫ್ರಿಕಾದ ಎತ್ತರದ ನೆಲದಿಂದಲೇ ಬಂದದ್ದು. ಸಾವಿರಾರು ವರ್ಷಗಳ ಹಿಂದೆ ಯಾರೋ ರೈತರು, ಯಾರೋ ವ್ಯಾಪಾರಿಗಳು ಆ ಬೀಜಗಳನ್ನು ಕಡಲು ದಾಟಿಸಿ ನಮಗೆ ಮುಟ್ಟಿಸಿದರು. ಜೋಳದ ರೊಟ್ಟಿ ಮೇಲೆ ಗುರೆಳ್ಳ ಹಿಂಡಿ ಹಾಕ್ಕೊಂಡು ತಿನ್ನುವ ನಾವು ಅವರಿಗೆ ಉಣ್ಣಾಕ ಐತೇನು ಅಂತ ಕೇಳ್ತೀವಿ. ನಮ್ಮ ತಾಟಿನಲ್ಲಿರೋದೇ ಅವರ ನೆಲದ ಬೆಳೆ.

ಕ್ಲಾಸಿನ ವಿಷಯ. ಮೊದಲ ದಿನ ಲೆಕ್ಕ ಬಿಡಿಸಿ "ತಿಳೀತಾ?" ಅಂತ ಕೇಳಿದೆ. ಇಡೀ ಕ್ಲಾಸು ಒಮ್ಮೆಲೇ "ಹ್ಹಾ" ಅಂತ ಉಸಿರು ಒಳಗೆ ಎಳೆದುಕೊಂಡಿತು. ಏನೋ ಹಾವೋ ಚೇಳೋ ಕಂಡಿರಬೇಕು ಅನ್ನುವಂಥ ಸದ್ದು. ಅವರು ಹೌದು ಅನ್ನೋದೇ ಹಾಗೆ. ಆಮೇಲೆ ಆ ಸದ್ದು ಕೇಳದಿದ್ದರೆ ಪಾಠ ತಲುಪಿಲ್ಲ ಅಂತ ನನಗೆ ಗೊತ್ತಾಗುತ್ತಿತ್ತು.

ಆದರೆ ಇಂಗ್ಲಿಷಿನಲ್ಲಿ ಪ್ರಶ್ನೆ ಕೇಳಿದರೆ ಮೌನ. ಪ್ರಾಥಮಿಕ ಶಾಲೆಯಲ್ಲಿ ಅವರು ಓದುವುದು ಅಮ್ಹಾರಿಕ್ ಅಥವಾ ತಮ್ಮ ಸೀಮೆಯ ಭಾಷೆಯಲ್ಲಿ, ಹೈಸ್ಕೂಲಿಗೆ ಬಂದ ಮೇಲೆ ಎಲ್ಲ ಇಂಗ್ಲಿಷ್. ನನಗೆ ಇದು ಹೊಸದಲ್ಲ. ದೇವದುರ್ಗ, ಮಾನ್ವಿ ಹಳ್ಳಿಗಳ ಕನ್ನಡ ಮಾಧ್ಯಮದ ಮಕ್ಕಳು ಪಿಯುಸಿ ಸೈನ್ಸಿಗೆ ಬಂದು ಹಿಂದಿನ ಬೆಂಚಿನಲ್ಲಿ ತಲೆ ತಗ್ಗಿಸಿ ಕೂಡುವುದನ್ನು ನೋಡಿಯೇ ನಾನು ಹೋಗಿದ್ದೆ. ಸುಮ್ಮನೆ ಕೂತ ಹುಡುಗ ದಡ್ಡ ಅಲ್ಲ, ಅವನಿಗೆ ಬರುವ ಭಾಷೆಯಲ್ಲಿ ಯಾರೂ ಅವನನ್ನು ಕೇಳಿಲ್ಲ. ಅದಕ್ಕೆ ನಾನು ಅವರ ಅಕ್ಷರ ಕಲಿತೆ. ನಮ್ಮ ಕಾಗುಣಿತದ ಹಾಗೆಯೇ ಒಂದೊಂದು ವ್ಯಂಜನಕ್ಕೆ ಏಳು ರೂಪ: ಲೆ, ಲು, ಲಿ, ಲಾ, ಲೇ, ಲ್, ಲೋ. ಕನ್ನಡ ಬಲ್ಲವರಿಗೆ ಈ ಕ್ರಮ ಬೇಗ ಹಿಡಿಯುತ್ತದೆ. ಲೆಕ್ಕದ ನಡುವೆ ನಾಲ್ಕು ಅಮ್ಹಾರಿಕ್ ಮಾತು ಬರೆದ ದಿನದಿಂದ ಹಿಂದಿನ ಬೆಂಚಿನ ಹುಡುಗಿಯರೂ ಬೋರ್ಡಿಗೆ ಬರತೊಡಗಿದರು.

ನಿಮಗೆ ಸ್ವಾತಂತ್ರ್ಯ ಯಾವಾಗ ಸಿಕ್ಕಿತು ಅಂತ ಅವರು ನನ್ನನ್ನು ಕೇಳುತ್ತಿದ್ದರು. 1896ರಲ್ಲಿ ಅಡ್ವಾ ಕಾಳಗದಲ್ಲಿ ಇಟಲಿಯ ಸೈನ್ಯವನ್ನು ಸೋಲಿಸಿದ ಜನ ಅವರು. ದೇಶಕ್ಕೆ 1947ರ ಆಗಸ್ಟ್ 15, ನಿಜಾಮನ ಆಳ್ವಿಕೆಯಲ್ಲಿದ್ದ ನಮ್ಮ ಜಿಲ್ಲೆಗೆ 1948ರ ಸೆಪ್ಟೆಂಬರ್ 17 ಎಂದು ಹೇಳಿದೆ. ಅಷ್ಟು ಗಮನವಿಟ್ಟು ನಮ್ಮ ವಿಮೋಚನೆಯ ಕಥೆ ಕೇಳಿದವರನ್ನು ನಾನು ಬೆಂಗಳೂರಿನಲ್ಲಿ ಕಂಡಿಲ್ಲ.

ಆ ಊರಿರುವ ಅಮ್ಹಾರಾ ಪ್ರಾಂತ್ಯದಲ್ಲಿ 2023ರಿಂದ ಸರ್ಕಾರದ ಸೈನ್ಯಕ್ಕೂ ಫಾನೋ ಎಂಬ ಅಲ್ಲಿಯ ಸಶಸ್ತ್ರ ಪಡೆಗಳಿಗೂ ಹೋರಾಟ ಶುರುವಾಗಿ ಎಷ್ಟೋ ಶಾಲೆಗಳು ಮುಚ್ಚಿದವು. ನನ್ನ ಶಿಷ್ಯರಲ್ಲಿ ಕೆಲವರು ಅಂಥ ಶಾಲೆಗಳ ಮೇಷ್ಟ್ರುಗಳು. ಆ ಸುದ್ದಿ ನಮ್ಮ ಪತ್ರಿಕೆಗಳಲ್ಲಿ ಹುಡುಕಿದರೂ ಸಿಗೋದು ಕಷ್ಟ. ಹಸಿವಿನ ಚಿತ್ರಕ್ಕೆ ಕೊಟ್ಟ ಜಾಗದಲ್ಲಿ ಕಾಲು ಭಾಗವನ್ನಾದರೂ ಈ ಮೇಷ್ಟ್ರುಗಳಿಗೆ ಕೊಡಿ ಅಂತ ನಾನು ಕೇಳ್ತೀನಿ.

ನಮ್ಮ ರಾಯಚೂರು, ಕೊಪ್ಪಳದ ಹುಡುಗರು ಹೊರದೇಶದಲ್ಲಿ ಪಾಠ ಮಾಡೋ ನೌಕರಿ ಬಗ್ಗೆ ಆಗಾಗ ಕೇಳ್ತಿರ್ತಾರೆ. ಯಾವ ದೇಶವಾದರೂ ಮೊದಲು ಅಲ್ಲಿಯ ಪರಿಸ್ಥಿತಿ ವಿಚಾರಿಸಿ. ಇಥಿಯೋಪಿಯಾ ಆದರೆ ಕರಾರು ಪತ್ರದ ತಾರೀಕು ಯಾವ ಕ್ಯಾಲೆಂಡರಿನದು ಅಂತ ನೋಡಿ, ಜುಲೈ, ಆಗಸ್ಟ್ ಮಳೆಗೆ ಸ್ವೆಟರ್ ಇಟ್ಟುಕೊಳ್ಳಿ. ಹೋದ ಮೊದಲ ತಿಂಗಳೇ ಅಲ್ಲಿಯ ಅಕ್ಷರ ಕಲೀರಿ. ಪುಸ್ತಕ ಹುಡುಕಬೇಡಿ, ಪಕ್ಕದ ಮನೆಯ ಒಂದನೇ ಕ್ಲಾಸಿನ ಮಗುವಿನ ಹತ್ತಿರ ಕೂತುಕೊಳ್ಳಿ.