560001ರ ಹೊಟ್ಟೆಯೊಳಗೆ

ಲಕೋಟೆಯ ಮೇಲೆ ಬೆಂಗಳೂರು ಎಂದು ಬರೆದು ಪಕ್ಕದಲ್ಲಿ 560001 ಎಂದು ಗೀಚುವವರು ಅದನ್ನು ವಿಳಾಸ ಎಂದಷ್ಟೇ ತಿಳಿದಿರುತ್ತಾರೆ. ಜಿಪಿಓ ಸಾಲಿನಲ್ಲಿ ನಿಂತಾಗ ಅದನ್ನು ಅವಿಭಾಜ್ಯಗಳ ಗುಣಲಬ್ಧವಾಗಿ ಒಡೆಯಲು ಕೂತರೆ ಹೊತ್ತು ಹೋದದ್ದೇ ತಿಳಿಯದು.

ಅಂಕಿಗಳನ್ನು ಕೂಡಿದರೆ ಹನ್ನೆರಡು. ಅಂದರೆ 3ರಿಂದ ಭಾಗ ಹೋಗುತ್ತದೆ, ಉಳಿಯುವುದು 186667. ಇದನ್ನು ನಡುವೆ ಮುರಿದು 667ರಲ್ಲಿ 186 ಕಳೆಯಿರಿ: 481. 7, 11, 13 ಗುಣಿಸಿದರೆ 1001 ಆಗುವುದರಿಂದ ಈ ಒಂದೇ ಕಳೆಯುವ ಲೆಕ್ಕ ಮೂರಕ್ಕೂ ಪರೀಕ್ಷೆ. 481 ಎಂದರೆ 13ರ ಮೂವತ್ತೇಳು ಪಟ್ಟು. ಹಾಗಾಗಿ 13 ಉಂಟು, ಉಳಿದೆರಡು ಇಲ್ಲ.

ಈಗ ಕೈಯಲ್ಲಿರುವುದು 14359. ಇಲ್ಲಿಂದ ಮುಂದೆ ಕೈಚಳಕ ನಡೆಯದು. 17, 19, 23 ಎಂದು ಒಂದೊಂದೇ ಅವಿಭಾಜ್ಯದಿಂದ ಭಾಗಿಸುತ್ತ ಹೋಗಬೇಕು. 40 ದಾಟುವಷ್ಟರಲ್ಲಿ ಸುಸ್ತಾಗಿ ‘ಇದು ಅವಿಭಾಜ್ಯವೇ ಬಿಡಿ’ ಎಂದು ಕೈಚೆಲ್ಲುವವರೇ ಹೆಚ್ಚು. ವರ್ಗಮೂಲದವರೆಗೆ, ಅಂದರೆ 119ರ ತನಕ, ನೋಡದೆ ಹಾಗೆ ಹೇಳುವಂತಿಲ್ಲ. ಹದಿನಾರು ಸಲ ಶೇಷ ಉಳಿದು ಹದಿನೇಳನೆಯ ಸಲಕ್ಕೆ 83 ಸಿಕ್ಕಿಬೀಳುತ್ತದೆ, ಜೊತೆಗೆ 173.

ಆರಂಕಿಗೇ ಈ ಪಾಡು. 201 ಅಂಕಿಯಾದರೆ? ಬೆಂಗಳೂರಿನಲ್ಲಿ ಹುಟ್ಟಿದ ಶಕುಂತಲಾ ದೇವಿ 1977ರಲ್ಲಿ ಅಮೆರಿಕದ ಡಲ್ಲಾಸ್‌ನಲ್ಲಿ ಅಂಥದೊಂದು ಸಂಖ್ಯೆಯ 23ನೆಯ ಮೂಲವನ್ನು, ಅಂದರೆ 23 ಸಲ ಬರೆದು ಗುಣಿಸಿದರೆ ಆ ಸಂಖ್ಯೆಯೇ ಬರುವಂಥದ್ದನ್ನು, 50 ಸೆಕೆಂಡಿನಲ್ಲಿ ಹೇಳಿದ್ದರು: 546372891. 1ರಿಂದ 9ರವರೆಗೆ ಎಲ್ಲರೂ ಒಂದೊಂದು ಸಲ ಹಾಜರು! ಇದು 27ರಿಂದ ಭಾಗವಾಗುತ್ತದೆ. ಆದ್ದರಿಂದ ಆ ದೈತ್ಯನೊಳಗೆ 3 ಅರವತ್ತೊಂಬತ್ತು ಸಲ ಕೂತಿದೆ.

ಆಕೆಯ ತಲೆಯೊಳಗೆ ಏನು ನಡೆಯಿತೋ ಆಕೆಗೇ ಗೊತ್ತು. ಆದರೆ ಈ ಬಗೆಯ ಸಂಖ್ಯೆ ತನ್ನ ಗುಟ್ಟನ್ನು ಎರಡೂ ತುದಿಯಿಂದ ಬಿಟ್ಟುಕೊಡುತ್ತದೆ. ಅದರ ಕೊನೆಯ ಎರಡಂಕಿ 71. ಕೊನೆಗೆ 1 ಇದ್ದರೆ ಮೂಲದ ಕೊನೆಗೂ 1. ಅದರ ಹಿಂದಿನ ಅಂಕಿಯನ್ನು 23ರಿಂದ ಗುಣಿಸಿದಾಗ ಬಿಡಿಸ್ಥಾನದಲ್ಲಿ 7 ಬರಬೇಕು; 9 ಬಿಟ್ಟರೆ ಬೇರೆ ಯಾವುದಕ್ಕೂ ಅದು ಆಗದು, 23×9=207. ಮೂಲ 91ಕ್ಕೆ ಮುಗಿಯುತ್ತದೆ ಎಂದಾಯಿತು. ಎಡತುದಿಗೆ ಲಾಗರಿದಮ್, ಅಂದರೆ ಸಂಖ್ಯೆ 10ರ ಎಷ್ಟನೆಯ ಘಾತ ಎಂಬ ಲೆಕ್ಕ, ಇದೆ. ನಡುವಿನವಕ್ಕೆ ಶೇಷಗಳ ಸಹಾಯ: 23ರಿಂದ ಭಾಗಿಸಿದರೆ ದೈತ್ಯನಿಗೂ ಮೂಲಕ್ಕೂ ಉಳಿಯುವುದು ಒಂದೇ, 2. ಇದೆಲ್ಲ ನಡೆಯುವುದು ಸಂಖ್ಯೆ ಪೂರ್ಣ ಘಾತವಾಗಿದ್ದರೆ ಮಾತ್ರ. ಬೋರ್ಡಿನ ಮೇಲೆ ಒಂದಂಕಿ ತಪ್ಪಿ ಬರೆದರೆ ಈ ಲೆಕ್ಕಗಳು ಒಂದಕ್ಕೊಂದು ಕೂಡುವುದೇ ಇಲ್ಲ.

ಇನ್ನೊಂದು ಸಂಖ್ಯೆ ಇದೆ, ಆರ್‌ಎಸ್‌ಎ-200, ಒಡೆದು ತೋರಿಸಿ ಎಂದು ಸವಾಲಾಗಿ ಇಟ್ಟದ್ದು. ಇದಕ್ಕೆ ಒಂದಂಕಿ ಕಡಿಮೆಯೇ. ನೂರು ನೂರು ಅಂಕಿಯ ಎರಡು ಅವಿಭಾಜ್ಯಗಳ ಗುಣಲಬ್ಧ, ಅಷ್ಟೇ. ಅದನ್ನು 2005ರಲ್ಲಿ ಒಡೆದಾಗ ಸವೆದದ್ದು ಒಂದು ಕಂಪ್ಯೂಟರಿನ ಲೆಕ್ಕದಲ್ಲಿ ದಶಕಗಳ ದುಡಿಮೆ. ಶಕುಂತಲಾ ದೇವಿಯವರದು ಒಂದೇ ಬೀಜವನ್ನು ಇಪ್ಪತ್ಮೂರು ಸಲ ನೆಟ್ಟ ತೋಟ. ಇದರಲ್ಲಿರುವುದು ಎರಡೇ ಬೀಜ, ಎರಡೂ ಬೇರೆ. ಒಡೆಯುವುದು ಇಷ್ಟು ಕಷ್ಟವಾದ್ದರಿಂದಲೇ ಇಂಥ ಸಂಖ್ಯೆಗಳು ಕಂಪ್ಯೂಟರ್ ಸಂದೇಶಗಳ ಗುಟ್ಟು ಕಾಯುವ ಬೀಗಗಳಾಗಿವೆ; ಇಂದು ಆ ಕೆಲಸಕ್ಕೆ 617 ಅಂಕಿಯವು ಸಾಮಾನ್ಯ.

ಆ ಎರಡು ಅವಿಭಾಜ್ಯಗಳು ಅಕ್ಕಪಕ್ಕದ ಮನೆಯವಾದರೆ ಮಾತ್ರ ಬೀಗ ಕೆಟ್ಟಿತು. ಯಾಕೆಂದು ನೋಡಲು ಜಿಪಿಓದ 14359ಕ್ಕೇ ಮರಳಬಹುದು. ಭಾಗಿಸುವುದು ಬೇಡ. 120ರ ವರ್ಗ 14400. ಅದರಲ್ಲಿ ಇದನ್ನು ಕಳೆದರೆ 41, ಪೂರ್ಣವರ್ಗವಲ್ಲ. 121ಕ್ಕೆ 282, ಅದೂ ಅಲ್ಲ. ಹೀಗೇ ಒಂದೊಂದೇ ಹೆಜ್ಜೆ ಮುಂದೆ. ಒಂಬತ್ತನೆಯ ಹೆಜ್ಜೆಗೆ, 128ರಲ್ಲಿ, 16384ರಿಂದ ಕಳೆದರೆ 2025, ಅಂದರೆ 45ರ ವರ್ಗ. 128ರಲ್ಲಿ 45 ಕಳೆದರೆ 83, ಕೂಡಿದರೆ 173. ಹದಿನೇಳು ಭಾಗಾಕಾರದ ಕೆಲಸ ಒಂಬತ್ತು ಕಳೆಯುವಿಕೆಗೆ ಮುಗಿಯಿತು. ಎರಡು ಅವಿಭಾಜ್ಯಗಳು ಹತ್ತಿರವಿದ್ದಷ್ಟೂ ಹೆಜ್ಜೆ ಕಡಿಮೆ. ಅಷ್ಟರಲ್ಲಿ ಕೌಂಟರಿನವರು ‘ಮುಂದಿನವರು ಬನ್ನಿ’ ಅನ್ನುತ್ತಿರುತ್ತಾರೆ.