‘ಟಾಕ್ಸಿಕ್’ ಹಾಡಿನ ಪಿಟೀಲಿಗೊಂದು ಹೆಸರಿದೆ

ಅಮೆರಿಕದ ಪಾಪ್ ಗಾಯಕಿ ಬ್ರಿಟ್ನಿ ಸ್ಪಿಯರ್ಸ್ ಹಾಡಿದ ‘ಟಾಕ್ಸಿಕ್’ ಬಗ್ಗೆ ನಮ್ಮವರು ಮಾತಾಡಿದರೆ ಸಾಮಾನ್ಯವಾಗಿ ಎರಡು ಮಾತು ಬರುತ್ತದೆ. ಒಂದು, ‘ನಮ್ಮ ಹಾಡು ಕದ್ದರು’. ಇನ್ನೊಂದು, ‘ನೋಡಿ, ಲತಾ ಮಂಗೇಶ್ಕರ್ ದನಿ ಅಮೆರಿಕಕ್ಕೂ ಹೋಯ್ತು’. ಎರಡನ್ನೂ ಒಪ್ಪೋಕೆ ನನಗಾಗಲ್ಲ. ಆ ಹಾಡಿನಲ್ಲಿ ಲತಾ ದನಿ ಇಲ್ಲವೇ ಇಲ್ಲ. ಅವರ ಜೊತೆ ಹಾಡಿದ ನಮ್ಮ ಎಸ್‌ಪಿಬಿ ದನಿಯೂ ಇಲ್ಲ. ಅಲ್ಲಿರುವುದು ಅವರಿಬ್ಬರೂ ಹಾಡಿದ ‘ತೇರೆ ಮೇರೆ ಬೀಚ್ ಮೇ’ ಎಂಬ ಹಿಂದಿ ಸಿನಿಮಾ ಹಾಡಿನ ಪಿಟೀಲು. ಅದನ್ನು ತೆಗೆದು ನೋಡಿ, ಟಾಕ್ಸಿಕ್ ಒಂದು ಚೆನ್ನಾಗಿ ಮಾಡಿದ ಡಾನ್ಸ್ ಹಾಡಾಗಿ ಉಳಿಯುತ್ತದೆ. ಇಪ್ಪತ್ತು ವರ್ಷ ಆದಮೇಲೂ ಯಾರೂ ಅದರ ಬಗ್ಗೆ ಹೀಗೆ ಕೂತು ಬರೆಯುತ್ತಿರಲಿಲ್ಲ.

ಆ ಹಾಡು ಇರುವ 1981ರ ‘ಏಕ್ ದೂಜೆ ಕೇ ಲಿಯೇ’ ಕೆ. ಬಾಲಚಂದರ್ ಅವರ ಚಿತ್ರ. ತಮ್ಮದೇ ತೆಲುಗು ಚಿತ್ರವನ್ನು ಅವರು ಹಿಂದಿಗೆ ತಂದಿದ್ದು. ಸಂಗೀತ ಲಕ್ಷ್ಮೀಕಾಂತ್–ಪ್ಯಾರೇಲಾಲ್, ಸಾಹಿತ್ಯ ಆನಂದ್ ಬಕ್ಷಿ. ದಕ್ಷಿಣದ ಗಾಯಕ ಎಸ್‌ಪಿಬಿ ಹಿಂದಿ ಹಾಡಬಲ್ಲರೇ ಎಂದು ಸಂಗೀತ ನಿರ್ದೇಶಕರಿಗೆ ಅನುಮಾನ ಇತ್ತಂತೆ. ಬಾಲಚಂದರ್ ಬಿಡಲಿಲ್ಲ. ನಾಯಕ ಸರಿಯಾಗಿ ಹಿಂದಿ ಬಾರದ ತಮಿಳು ಹುಡುಗ ತಾನೇ, ಉಚ್ಚಾರ ಒಂಚೂರು ಆಚೀಚೆ ಆದರೆ ಒಳ್ಳೆಯದೇ ಎಂಬುದು ಅವರ ವಾದ. ಎಸ್‌ಪಿಬಿ ಅದೇ ಚಿತ್ರಕ್ಕೆ ರಾಷ್ಟ್ರಪ್ರಶಸ್ತಿ ತಗೊಂಡರು. ವಿಷ್ಣುವರ್ಧನ್ ದನಿ ಅಂದರೆ ಎಸ್‌ಪಿಬಿ ಅಂತಲೇ ಕೇಳಿಕೊಂಡು ಬೆಳೆದ ನಮಗೆ ಈ ಕಥೆ ಹೇಳಿದಷ್ಟೂ ಖುಷಿ, ಅಲ್ವಾ?

ಆದರೆ ಟಾಕ್ಸಿಕ್ ವಿಷಯದಲ್ಲಿ ಮುಖ್ಯವಾದವರು ಪ್ಯಾರೇಲಾಲ್. ಅವರು ಮೂಲತಃ ಪಿಟೀಲು ನುಡಿಸುವವರು. ಗೋವಾದ ಆಂಟನಿ ಗೊನ್ಸಾಲ್ವಿಸ್ ಅವರ ಬಳಿ ಕಲಿತವರು. ಆಗಿನ ಬಾಂಬೆ ಸ್ಟುಡಿಯೋಗಳಲ್ಲಿ ಸಾಲಾಗಿ ಪಿಟೀಲುಗಾರರನ್ನು ಕೂರಿಸಿ, ಎಲ್ಲರೂ ಒಟ್ಟಿಗೆ ಕಮಾನು ಎಳೆದಾಗ ಬರುತ್ತಿದ್ದ ಆ ಸದ್ದು ಈಗ ಕಂಪ್ಯೂಟರಿನಲ್ಲಿ ಬರಲ್ಲ. ಸ್ವಲ್ಪ ಚೂಪು, ಸ್ವಲ್ಪ ಅಳು. ಟೇಪಿನ ಒರಟು ಬೇರೆ.

ಈ ಸದ್ದು ಹೋಗಿ ಸೇರಿದ್ದು ಸ್ವೀಡನ್ನಿನವರ ಕೈಗೆ. ಕ್ರಿಸ್ಟಿಯನ್ ಕಾರ್ಲ್‌ಸನ್ ಮತ್ತು ಪಾಂಟಸ್ ವಿನ್‌ಬರ್ಗ್ ಇಬ್ಬರೂ ‘ಬ್ಲಡ್‌ಶೈ ಅಂಡ್ ಅವಾಂತ್’ ಎಂಬ ಹೆಸರಲ್ಲಿ ಕೆಲಸ ಮಾಡುತ್ತಿದ್ದರು. ಇವರ ಜೊತೆ ಹೆನ್ರಿಕ್ ಯೋನ್‌ಬ್ಯಾಕ್ ಮತ್ತು ಇಂಗ್ಲೆಂಡಿನ ಕ್ಯಾಥಿ ಡೆನ್ನಿಸ್ ಸೇರಿ ಹಾಡು ಬರೆದರು. ಹಳೇ ಹಾಡಿನ ಬೇರೆ ಬೇರೆ ಜಾಗದಿಂದ ತುಣುಕು ಕತ್ತರಿಸಿ, ಪಕ್ಕಪಕ್ಕ ಕೂರಿಸಿ, ಮೂಲದಲ್ಲಿ ಇಲ್ಲದ ಒಂದು ಹೊಸ ಎಳೆ ಮಾಡಿದರು. ಅಲ್ಲಿ ವಿರಹಕ್ಕೆ ಅಳುತ್ತಿದ್ದ ಪಿಟೀಲು ಇಲ್ಲಿ ಹೆದರಿಸುತ್ತದೆ. ಟ್ಯೂನ್ ಎತ್ತಿಕೊಂಡು ಪದ ಬದಲಾಯಿಸುವ ಕೆಲಸಕ್ಕೂ ಇದಕ್ಕೂ ಬಹಳ ದೂರ. ಟ್ಯೂನ್ ಎತ್ತೋದರಲ್ಲಿ ನಮ್ಮ ಸಿನಿಮಾದವರು ಏನು ಕಮ್ಮಿ ಇದ್ದರು, ಬಿಡಿ.

ಹಾಡಿನ ಕಟ್ಟಡ ಗಮನಿಸಿ. ಕೆಳಗೆ ದಪ್ಪ ಬೇಸ್. ನಡುವೆ ಅರವತ್ತರ ದಶಕದ ಪತ್ತೇದಾರಿ ಸಿನಿಮಾದಲ್ಲಿ ಬರುವಂಥ ಗಿಟಾರ್. ಬ್ರಿಟ್ನಿ ಚರಣದಲ್ಲಿ ಹೆಚ್ಚುಕಮ್ಮಿ ಪಿಸುಗುಟ್ಟುತ್ತಾಳೆ, ಪಲ್ಲವಿಗೆ ಬಂದಾಗ ತೆಳ್ಳಗಿನ ಮೇಲಿನ ದನಿಗೆ ಹಾರುತ್ತಾಳೆ. ಅವಳು ಉಸಿರು ತಗೊಳ್ಳುವ ಕಡೆ ಪಿಟೀಲು ನುಗ್ಗುತ್ತದೆ. ಜನ ಗುನುಗುವುದು ಕೂಡ ಪಿಟೀಲಿನ ಆ ಭಾಗವನ್ನೇ. ಪಾಪ್ ಹಾಡೊಂದರಲ್ಲಿ ಗಾಯಕಿ ಹಾಡದ ಜಾಗ ಎಲ್ಲಕ್ಕಿಂತ ಜಾಸ್ತಿ ನೆನಪಿರುವುದು ಅಪರೂಪ.

ಮೊದಲು ಇದನ್ನು ಆಸ್ಟ್ರೇಲಿಯಾದ ಗಾಯಕಿ ಕೈಲಿ ಮಿನೋಗ್‌ಗೆ ಕೊಡಲು ಹೋಗಿದ್ದರು, ಅವರು ಬೇಡ ಅಂದರು. ತಮಾಷೆ ಏನೆಂದರೆ 2001ರಲ್ಲಿ ಕೈಲಿಯ ಅತಿದೊಡ್ಡ ಹಾಡನ್ನು ಬರೆದವರಲ್ಲೂ ಇದೇ ಕ್ಯಾಥಿ ಡೆನ್ನಿಸ್ ಒಬ್ಬರು. ಕೈಲಿ ಹಾಡಿದ್ದರೆ ಚೆನ್ನಾಗಿರುತ್ತಿತ್ತು, ಆದರೆ ಆ ಪಿಸುಗುಟ್ಟುವ ತುಂಟತನ ಬರುತ್ತಿರಲಿಲ್ಲ ಅನ್ನಿಸುತ್ತದೆ. ಬ್ರಿಟ್ನಿಯ ರೆಕಾರ್ಡ್ ಕಂಪನಿಯವರಿಗೂ ಈ ಹಾಡಿನ ಮೇಲೆ ಅಂಥ ನಂಬಿಕೆ ಇರಲಿಲ್ಲ. 2003ರ ‘ಇನ್ ದ ಝೋನ್’ ಆಲ್ಬಮ್ಮಿನ ಎರಡನೇ ಸಿಂಗಲ್ (ಆಲ್ಬಮ್ಮಿನಿಂದ ಬಿಡಿಯಾಗಿ ಬಿಡುವ ಹಾಡು) ಆಗಿ ಬೇರೆ ಹಾಡು ಬಿಡಬೇಕು ಅಂತಿದ್ದರು. ಇದೇ ಇರಲಿ ಅಂತ ಹಟ ಹಿಡಿದವಳು ಬ್ರಿಟ್ನಿ. ಮಡೋನಾ ಜೊತೆ ಹಾಡಿದ ಮೊದಲ ಸಿಂಗಲ್ ಅಮೆರಿಕದ ಪಟ್ಟಿಯಲ್ಲಿ 35ಕ್ಕೇ ನಿಂತಿತ್ತು. 2004ರ ಜನವರಿಯಲ್ಲಿ ಬಂದ ಟಾಕ್ಸಿಕ್ 9ಕ್ಕೆ ಏರಿತು. ಬ್ರಿಟನ್, ಆಸ್ಟ್ರೇಲಿಯಾದಲ್ಲಿ ನೇರ ಮೊದಲ ಸ್ಥಾನ. 2005ರಲ್ಲಿ ಅತ್ಯುತ್ತಮ ಡಾನ್ಸ್ ರೆಕಾರ್ಡಿಂಗ್‌ಗೆ ಗ್ರ್ಯಾಮಿ ಬಂತು.

ವಿಡಿಯೋ ಮಾಡಿದ್ದು ಜೋಸೆಫ್ ಕಾನ್. ಗಗನಸಖಿಯ ವೇಷದ ಗೂಢಚಾರಿಣಿ, ಮೈಗೆಲ್ಲ ಅಂಟಿಸಿದ ಹರಳು. 2004ರ ಫೆಬ್ರವರಿಯಲ್ಲಿ ಅಮೆರಿಕನ್ ಫುಟ್‌ಬಾಲ್ ಫೈನಲ್ ‘ಸೂಪರ್ ಬೌಲ್’ನ ನೇರಪ್ರಸಾರದಲ್ಲಿ ಗಾಯಕಿ ಜಾನೆಟ್ ಜಾಕ್ಸನ್‌ರ ಉಡುಪು ಕಿತ್ತು ಗಲಾಟೆ ಆಗಿ, ಸಂಗೀತ ಚಾನೆಲ್ ಎಂಟಿವಿ ಈ ವಿಡಿಯೋವನ್ನು ರಾತ್ರಿ ಹೊತ್ತಿಗೆ ತಳ್ಳಿತು.

ವಿಮರ್ಶಕರು ಆಗಲೇ ಮೆಚ್ಚಿದ್ದರು. ಈಗಂತೂ ತಲೆ ಮೇಲೆ ಹೊತ್ತಿದ್ದಾರೆ. 2021ರಲ್ಲಿ ‘ರೋಲಿಂಗ್ ಸ್ಟೋನ್’ ಪತ್ರಿಕೆ ಸಾರ್ವಕಾಲಿಕ 500 ಹಾಡುಗಳ ಪಟ್ಟಿಯಲ್ಲಿ ಇದನ್ನು 44ನೇ ಸ್ಥಾನದಲ್ಲಿಟ್ಟಿತು. ನನ್ನ ತಕರಾರು ಇರುವುದು ಆ ಮೆಚ್ಚುಗೆಯ ಬಗೆಯಲ್ಲಿ. ‘ಬಾಲಿವುಡ್ ಸ್ಟ್ರಿಂಗ್ಸ್’ ಅಂದುಬಿಟ್ಟರೆ ಮುಗೀತು. ಕೆಲವರು ಭಾಂಗ್ರಾ ಅಂತಲೂ ಬರೆದರು. ಡೋಲೇ ಇಲ್ಲದ ಕಡೆ ಭಾಂಗ್ರಾ ಎಲ್ಲಿಂದ ಬಂತು ಸ್ವಾಮಿ? ಸ್ಟಾಕ್‌ಹೋಮಿನವರ ಹೆಸರು, ಊರು, ಸ್ಟುಡಿಯೋ ಎಲ್ಲ ಬರೆಯುವವರು ಪ್ಯಾರೇಲಾಲ್ ಹೆಸರು ಬರೆಯೋಕೆ ಮಾತ್ರ ಯಾಕೆ ಜುಗ್ಗತನ ಮಾಡುತ್ತಾರೋ. ದೂರು ನಮ್ಮ ಮೇಲೂ ಇದೆ. ನಾವೂ ಲತಾ, ಎಸ್‌ಪಿಬಿ ಅನ್ನುತ್ತೇವೆಯೇ ಹೊರತು ವಾದ್ಯದವರ ಹೆಸರು ಎತ್ತಲ್ಲ. ಕ್ಯಾಸೆಟ್ ಕವರಿನ ಮೇಲೂ ಅವರಿಗೆ ಜಾಗ ಇರುತ್ತಿರಲಿಲ್ಲ.

ಇನ್ನು ವೇದಿಕೆ. ನನ್ನ ಮಟ್ಟಿಗೆ ಟಾಕ್ಸಿಕ್ ಸೋತಿದ್ದು ಅಲ್ಲೇ. 2004ರ ಮಾರ್ಚ್‌ನಲ್ಲಿ ಸ್ಯಾನ್ ಡಿಯೇಗೋದಲ್ಲಿ ಶುರುವಾದ ‘ಓನಿಕ್ಸ್ ಹೋಟೆಲ್’ ಪ್ರವಾಸದಲ್ಲಿ ಇದೇ ಮೊದಲ ಹಾಡು. ಬ್ರಿಟ್ನಿ ಕಪ್ಪು ಬಿಗಿ ಉಡುಪು ತೊಟ್ಟು ಬಸ್ಸೊಂದರ ಮೇಲೆ ನಿಂತು ಬರುತ್ತಿದ್ದಳು. ಅದು ಬೊಂಬಾಟ್. ಆಮೇಲಿನ ಪ್ರದರ್ಶನಗಳಲ್ಲಿ ಹಾಡಿಗಿಂತ ವೇದಿಕೆಯ ಸಾಮಾನೇ ಜಾಸ್ತಿ ಆಯಿತು. 2013ರಿಂದ 2017ರವರೆಗೆ ಲಾಸ್ ವೇಗಸ್‌ನಲ್ಲಿ ನಡೆದ ಪ್ರದರ್ಶನದಲ್ಲಿ ದೊಡ್ಡ ಮರವೊಂದರ ಮೇಲಿಂದ ಹಾರುತ್ತಿದ್ದಳು. ಪಿಟೀಲು ಹೇಗೂ ಟೇಪಿನಿಂದಲೇ ಬರಬೇಕು. ಗಾಯಕಿಯ ದನಿಯೂ ಬಹುತೇಕ ಟೇಪಿನದೇ ಅಂತ ಟೀಕೆ. ಆ ವರ್ಷಗಳಲ್ಲಿ ಅವಳ ದುಡ್ಡು, ಬದುಕು ಎಲ್ಲವೂ ಕೋರ್ಟ್ ನೇಮಿಸಿದ ಪಾಲಕರ ಕೈಯಲ್ಲಿತ್ತು. ಒತ್ತಾಯ ಮಾಡಿ ದುಡಿಸಿದರು ಎಂದು 2021ರ ಜೂನ್‌ನಲ್ಲಿ ಕೋರ್ಟಿನಲ್ಲಿ ಅವಳೇ ಹೇಳಿದಳು. ಅದು ತಿಳಿದ ಮೇಲೆ ಆ ವಿಡಿಯೋ ತುಣುಕುಗಳನ್ನು ನೋಡೋಕೆ ನನಗೆ ಮನಸ್ಸಾಗಿಲ್ಲ.

ನನಗೆ ತೃಪ್ತಿ ಕೊಟ್ಟದ್ದು ಬ್ರಿಟ್ನಿ ಇಲ್ಲದ ಒಂದು ಟಾಕ್ಸಿಕ್. 2020ರ ‘ಪ್ರಾಮಿಸಿಂಗ್ ಯಂಗ್ ವುಮನ್’ ಚಿತ್ರಕ್ಕೆ ಸಂಗೀತ ಸಂಯೋಜಕ ಆಂಟನಿ ವಿಲ್ಲಿಸ್ ಇಡೀ ಹಾಡನ್ನು ತಂತಿವಾದ್ಯಗಳಿಗೆ ಬರೆದರು. ಪದ ಇಲ್ಲ, ಕುಣಿಯುವ ತಾಳವೂ ಇಲ್ಲ. ಕಮಾನು ತಂತಿಯನ್ನು ಕೆರೆಯುವ ಸದ್ದು ಮಾತ್ರ. ಹೆಡ್‌ಫೋನ್ ಹಾಕಿಕೊಂಡು ಮೊದಲು 1981ರದ್ದು ಕೇಳಿ, ಆಮೇಲೆ 2004ರದ್ದು, ಕೊನೆಗೆ ಇದು. ಇದೇ ಕ್ರಮದಲ್ಲಿ.